ಹನ್ನೊಂದು ಮಕ್ಕಳ ಶಾಲೆ: ವಿಲೀನಕ್ಕೆ ಎಸ್‌ಡಿಎಂಸಿ ಒಪ್ಪಿಗೆ ಕೊಡಬೇಕಾ, ಬೇಡ್ವಾ?

ಕಾಡಂಚಿನ ಕಾಫಿ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಮಲೆನಾಡು ಕಡೆಯ ಸಣ್ಣ ಊರು ನಮ್ಮದು. ಊರಿನ ಹೆಸರು ಹಾಕಲ್ಲ, ಶಾಲೆಯ ಮೇಡಂಗೆ ಸುಮ್ನೆ ತಲೆನೋವು ಆಗಬಾರದು. ಇಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ನಾನು. ಒಂದರಿಂದ ಐದನೇ ತರಗತಿವರೆಗೆ ಒಟ್ಟು ಹನ್ನೊಂದು ಮಕ್ಕಳು, ಒಬ್ಬರೇ ಶಿಕ್ಷಕಿ. ಹನ್ನೊಂದರಲ್ಲಿ ಆರು ಮಕ್ಕಳು ಎಸ್ಟೇಟ್ ಲೈನ್ ಮನೆಗಳವರು, ಅಂದರೆ ತೋಟದ ಕೂಲಿ ಕೆಲಸದವರ ಸಾಲು ಮನೆಗಳವರು. ಅದರಲ್ಲೂ ನಾಲ್ವರ ಅಪ್ಪ ಅಮ್ಮ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರು.

ವಿಷಯ ಏನಂದರೆ, ಹೋಬಳಿ ಕೇಂದ್ರದ ಶಾಲೆಯನ್ನು ಕರ್ನಾಟಕ ಪಬ್ಲಿಕ್ ಶಾಲೆ ಮಾಡುತ್ತಾರಂತೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಅಲ್ಲಿಗೇ ಸೇರಿಸಿಬಿಡಿ, ಎಸ್‌ಡಿಎಂಸಿಯಿಂದ ಒಂದು ಒಪ್ಪಿಗೆ ನಡಾವಳಿ ಮಾಡಿಕೊಡಿ ಅಂತ ಇಲಾಖೆಯವರು ಬಾಯಿಮಾತಲ್ಲಿ ಹೇಳಿ ಹೋಗಿದ್ದಾರೆ. ಕೈಗೆ ಯಾವ ಆದೇಶವೂ ಬಂದಿಲ್ಲ. ನಮ್ಮಿಂದ ಅಲ್ಲಿಗೆ ಏಳು ಕಿಲೋಮೀಟರ್. ಮೊದಲ ಎರಡೂವರೆ ಕಿಲೋಮೀಟರ್ ತೋಟದ ದಾರಿ, ಮಳೆಗಾಲದಲ್ಲಿ ಜೀಪು ಬಿಟ್ಟರೆ ಬೇರೇನೂ ಬರಲ್ಲ.

ಊರಲ್ಲಿ ಎರಡು ಗುಂಪಾಗಿದೆ. ಒಂದು ಗುಂಪು "ಶಾಲೆಗೆ ಜಾಗ ಕೊಟ್ಟಿದ್ದು ನಮ್ಮಜ್ಜ, ಮುಚ್ಚೋಕೆ ಬಿಡಲ್ಲ" ಅನ್ನುತ್ತೆ. ಅವರ ಮನೆ ಮಕ್ಕಳೆಲ್ಲ ಬೆಳಿಗ್ಗೆ ಹಳದಿ ವ್ಯಾನ್ ಹತ್ತಿ ಪೇಟೆ ಕಾನ್ವೆಂಟಿಗೆ ಹೋಗುತ್ತಾರೆ, ಅದು ಬೇರೆ ಮಾತು. ಇನ್ನೊಂದು ಗುಂಪು "ಇಂಗ್ಲಿಷ್ ಮೀಡಿಯಂ ಸಿಗುತ್ತೆ, ಒಪ್ಪಿಬಿಡಿ" ಅನ್ನುತ್ತೆ. ಲೈನ್ ಮನೆಯವರನ್ನು ಯಾರೂ ಕೇಳಿಲ್ಲ. ಮುಂದಿನ ವಾರ ಸಭೆ ಕರೆಯಬೇಕು. ಅನುಭವ ಇರೋರು ಹೇಳಿ, ಸಹಿ ಹಾಕಬೇಕಾ ಬೇಡ್ವಾ?

ಬೆಂಗಳೂರಲ್ಲಿರೋ ಹಾಸನದವ

ಅಣ್ಣ, ಕೋಪ ಮಾಡ್ಕೋಬೇಡಿ. ನಾನೂ ಇಂಥದ್ದೇ ಶಾಲೆಯಲ್ಲಿ ಓದಿದವನು, ಆದರೂ ಒಪ್ಪಿಬಿಡಿ ಅಂತಲೇ ಹೇಳೋದು. ಐದು ತರಗತಿಗೆ ಹನ್ನೊಂದು ಮಕ್ಕಳು ಅಂದರೆ ಒಂದೊಂದು ತರಗತಿಗೆ ಇಬ್ಬರು. ಐದನೇ ತರಗತಿಯಲ್ಲಿ ಒಬ್ಬನೇ ಹುಡುಗ ಇದ್ದರೆ ಅವನು ಕಬಡ್ಡಿ ಯಾರ ಜೊತೆ ಆಡುತ್ತಾನೆ? ಪಾಠದಲ್ಲಿ ಯಾರಿಗೆ ಪೈಪೋಟಿ ಕೊಡುತ್ತಾನೆ? ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ದೈಹಿಕ ಶಿಕ್ಷಕರು, ಲ್ಯಾಬು, ಲೈಬ್ರರಿ ಎಲ್ಲ ಇರುತ್ತೆ. 2025ರ ಬಜೆಟ್‌ನಲ್ಲಿ ಎಡಿಬಿ (ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್) ಸಾಲ ತಗೊಂಡು ಮೂರು ವರ್ಷದಲ್ಲಿ 500 ಹೊಸ ಪಬ್ಲಿಕ್ ಶಾಲೆ, 2,500 ಕೋಟಿ ರೂಪಾಯಿ ಅಂತ ಹೇಳಿದ್ದಾರೆ. ದುಡ್ಡು ಬರುವ ಕಡೆ ಮಕ್ಕಳು ಹೋಗಲಿ. ಹಳೇ ಕಟ್ಟಡದ ಮೇಲಿನ ಮೋಹಕ್ಕೆ ಮಕ್ಕಳ ಭವಿಷ್ಯ ಕಟ್ಟಿಹಾಕೋದು ಸರಿಯಲ್ಲ.

ಚಾಕ್‌ಪೀಸ್

ನಾನು ಮಲೆನಾಡಿನ ಏಕೋಪಾಧ್ಯಾಯ ಶಾಲೆಯೊಂದರ ಶಿಕ್ಷಕಿ. ಹಾಸನದವರು ಹೇಳಿದ ಕಬಡ್ಡಿ ಮಾತು ಸುಳ್ಳಲ್ಲ. ನನಗೂ ಅದೇ ಸಂಕಟ. ಆದರೆ ಸಣ್ಣ ಶಾಲೆಯಲ್ಲಿ ಕಲಿಕೆ ಯಾಕೆ ಸೊರಗುತ್ತೆ ಅನ್ನೋದನ್ನ ಒಳಗಿಂದ ನೋಡಿ.

ಬೆಳಿಗ್ಗೆ ಬಂದ ಕೂಡಲೇ ಬೀಗ ತೆಗೆಯಬೇಕು. ಅಡುಗೆಯವರಿಗೆ ಅಕ್ಕಿ, ಬೇಳೆ, ಎಣ್ಣೆ ತೂಕ ಮಾಡಿ ಕೊಡಬೇಕು. ಹಾಲಿನ ಪುಡಿ ಕದಡಿಸಿ ಹಾಲು ಕೊಡಿಸಬೇಕು, ಅದಕ್ಕೆ ರಾಗಿ ಮಾಲ್ಟ್ ಬೇರೆ. ಆಮೇಲೆ ಮೊಟ್ಟೆ. ಮೊಟ್ಟೆಗೆ ಆರು ರೂಪಾಯಿ ಲೆಕ್ಕ. ಚಳಿಗಾಲದಲ್ಲಿ ಅಂಗಡಿಯಲ್ಲಿ ಏಳು ಆದರೆ ಮೇಲಿನದು ನಮ್ಮ ಪರ್ಸಿಂದ. ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತಿಂದರು ಅಂತ ದಿನಾ ಬರೆಯಬೇಕು. ಮೊಬೈಲಲ್ಲಿ ಹಾಜರಾತಿ ಹಾಕಬೇಕು. ನೆಟ್‌ವರ್ಕ್ ಸಿಗೋದು ಶಾಲೆ ಹಿಂದಿನ ಬಂಡೆ ಮೇಲೆ ಮಾತ್ರ. ಅಲ್ಲಿ ನಾನು ಮೊಬೈಲ್ ಎತ್ತಿ ನಿಂತಿರುವಾಗ ಒಳಗೆ ಎರಡನೇ ಕ್ಲಾಸಿನವನು ಒಂದನೇ ಕ್ಲಾಸಿನವಳ ಜಡೆ ಎಳೆಯುತ್ತಿರುತ್ತಾನೆ. ಇಷ್ಟೆಲ್ಲ ಮುಗಿದು ಪಾಠಕ್ಕೆ ಕೂರುವಾಗ ಹನ್ನೊಂದು ಗಂಟೆ.

ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ. ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಶುರುವಾಗಿ, 2009-10ರಿಂದ ರಾಜ್ಯಕ್ಕೆಲ್ಲ ಬಂದ ಪದ್ಧತಿ ಅದು. ಬೇರೆ ಬೇರೆ ತರಗತಿ ಮಕ್ಕಳು ಒಟ್ಟಿಗೆ ಕೂತು, ಅವರವರ ವೇಗದಲ್ಲಿ ಕಾರ್ಡ್ ಹಿಡಿದು ಮೆಟ್ಟಿಲು ಹತ್ತುತ್ತಾರೆ. ನಿಜ ಹೇಳಬೇಕಂದ್ರೆ ಸಣ್ಣ ಶಾಲೆಗೆ ಹೇಳಿ ಮಾಡಿಸಿದ ಪದ್ಧತಿ. ನನ್ನ ಹತ್ತಿರ ಕನ್ನಡ ಒಂದಕ್ಷರ ಬರದೇ ಬಂದ ಅಸ್ಸಾಂ ಹುಡುಗಿ ಈಗ ಉಳಿದವರಿಗೆ ಕಾರ್ಡ್ ಓದಿ ಹೇಳುತ್ತಾಳೆ. ಆದರೆ ನಲಿ-ಕಲಿಗೆ ಶಿಕ್ಷಕರು ಮಕ್ಕಳ ಜೊತೆ ನೆಲದ ಮೇಲೆ ಕೂತಿರಬೇಕು. ಬಂಡೆ ಮೇಲೆ ನಿಂತಿದ್ದರೆ ಆಗಲ್ಲ. ಇನ್ನೂ ನಾಲ್ಕು, ಐದನೇ ತರಗತಿ ಪಾಠ ಬೇರೆ ಇದೆ.

ನನ್ನನ್ನು ತರಬೇತಿಗೆ ಕರೆದರೆ ಪಕ್ಕದ ಶಾಲೆಯಿಂದ ಯಾರನ್ನಾದರೂ ನಿಯೋಜನೆ ಮೇಲೆ ಕಳಿಸಬೇಕು. ಅಲ್ಲೂ ಇರೋದು ಇಬ್ಬರೇ. 2025ರ ಸೆಪ್ಟೆಂಬರ್ 22ರಿಂದ ಜಾತಿ ಸಮೀಕ್ಷೆಗೆ ಹಾಕಿದರಲ್ಲ, ಆಗ ಅದು ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಪಾಠ ಹಿಂದೆ ಬಿತ್ತು ಅಂತ ಆಮೇಲೆ ಕೇಳಿದ್ದು ನಮ್ಮನ್ನೇ.

ಬೆಂಗಳೂರಲ್ಲಿರೋ ಹಾಸನದವ

ಮೇಡಂ, ನೀವು ಹೇಳಿದ್ದೆಲ್ಲ ವಿಲೀನದ ಪರವಾಗಿಯೇ ಇದೆಯಲ್ಲ? ದೊಡ್ಡ ಶಾಲೆಯಲ್ಲಿ ಈ ಕೆಲಸ ಹತ್ತು ಜನಕ್ಕೆ ಹಂಚಿಹೋಗುತ್ತೆ.

ಚಾಕ್‌ಪೀಸ್

ಹಂಚಿಹೋಗುತ್ತೆ, ನಿಜ. ಅದಕ್ಕೆ ಮೊದಲು ಅಲ್ಲಿ ಹತ್ತು ಜನ ಇರಬೇಕಲ್ಲ ಸರ್.

ಅತಿಥಿ ಅಂತ ಹೆಸರು ಮಾತ್ರ

ಹಹ್ಹಾ. ಆ ಹತ್ತು ಜನರಲ್ಲಿ ನಾನೂ ಒಬ್ಬ. ಕರ್ನಾಟಕ ಪಬ್ಲಿಕ್ ಶಾಲೆ ಅಂತ ಬೋರ್ಡ್ ಇರುವ ಕಡೆ ಅತಿಥಿ ಶಿಕ್ಷಕ ನಾನು. ಯಾವ ಶಾಲೆ ಅಂತ ಕೇಳಬೇಡಿ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಜಾಸ್ತಿ ಮಾಡಿದ್ದಕ್ಕೆ ಪ್ರೈಮರಿಯವರಿಗೆ ಹನ್ನೆರಡು ಸಾವಿರ ಸಿಗುತ್ತೆ. ಅದೂ ತಿಂಗಳು ತಿಂಗಳು ಬರಲ್ಲ. ಬೇಸಿಗೆ ರಜೆಗೆ ಏನೂ ಇಲ್ಲ. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಕಾಯೋದು. ಬಿ.ಇಡಿ ಮಾಡಿ, ಟಿಇಟಿ ಪಾಸಾಗಿ, ಸಂಜೆ ಹೊತ್ತು ಒಂದು ಜೆರಾಕ್ಸ್ ಅಂಗಡಿಯಲ್ಲೂ ಕೂರುತ್ತೇನೆ.

ಕಟ್ಟಡ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಸ್ಮಾರ್ಟ್ ಕ್ಲಾಸ್ ಪರದೆ ಇದೆ. ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗಕ್ಕೆ ಗಣಿತ ಹೇಳುವವರು ಕನ್ನಡ ಮೀಡಿಯಂನಲ್ಲೇ ಓದಿದ ನನ್ನಂಥವರು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ಶುರು ಮಾಡಿದಾಗ ಇದ್ದ ಶಿಕ್ಷಕರಿಗೇ ಒಂದಿಷ್ಟು ದಿನ ತರಬೇತಿ ಕೊಟ್ಟು ನಿಲ್ಲಿಸಿದ್ದು. ಮಕ್ಕಳ ದಾಖಲಾತಿ ಜಾಸ್ತಿ ಆಯ್ತು, ಸುಳ್ಳಲ್ಲ. ಕಲಿಸುವವರ ಸಂಖ್ಯೆ ಮಾತ್ರ ಅಲ್ಲೇ ಇದೆ. ಕೊಠಡಿಗೆ ಮೂವತ್ತು ಬದಲು ಐವತ್ತು ಮಕ್ಕಳು ಕೂತಿದ್ದಾರೆ.

ಕಾಫಿ ಸರ್, ನೀವು ಸಹಿ ಹಾಕೋಕೆ ಮುಂಚೆ ಆ ಶಾಲೆಗೆ ಒಂದು ಸಲ ಹೋಗಿ. ಕಟ್ಟಡ ನೋಡಬೇಡಿ. ಸಿಬ್ಬಂದಿ ಹಾಜರಿ ಪುಸ್ತಕ ಕೇಳಿ. ಮಂಜೂರಾದ ಹುದ್ದೆ ಎಷ್ಟು, ಕಾಯಂ ಇರೋರು ಎಷ್ಟು, ಅತಿಥಿಗಳು ಎಷ್ಟು ಅಂತ ಬರೆದುಕೊಳ್ಳಿ.

ವಕೀಲಿ ಬರಹ, ಚಿಕ್ಕಮಗಳೂರು

ಕಾನೂನಿನ ಕಡೆಯಿಂದ ಒಂದೆರಡು ಮಾತು. ಎಸ್‌ಡಿಎಂಸಿಯವರಿಗೆ ಇದು ಉಪಯೋಗಕ್ಕೆ ಬರುತ್ತೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಒಂದರಿಂದ ಐದನೇ ತರಗತಿಗೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಅಲ್ಲಿ ಬರೆದಿದೆ. ಕನಿಷ್ಠ ಇಷ್ಟು ಮಕ್ಕಳಿರಬೇಕು ಅಂತ ಬರೆದಿಲ್ಲ. ಅಂದರೆ ಹನ್ನೊಂದು ಮಕ್ಕಳಿದ್ದರೂ ಇಬ್ಬರು ಶಿಕ್ಷಕರು ಇರಲೇಬೇಕು. ನಿಮ್ಮ ಶಾಲೆಯಲ್ಲಿ ಕಾನೂನು ತಪ್ಪಿರುವುದು ಮಕ್ಕಳ ಸಂಖ್ಯೆಯಲ್ಲಿ ಅಲ್ಲ, ಶಿಕ್ಷಕರ ಸಂಖ್ಯೆಯಲ್ಲಿ.

ಇನ್ನು ದೂರದ ಮಾತು. ಒಂದರಿಂದ ಐದಕ್ಕೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಕೇಂದ್ರದ 2010ರ ನಿಯಮಾವಳಿಯ 6ನೇ ನಿಯಮದಲ್ಲಿ ಗುಡ್ಡಗಾಡು, ಭೂಕುಸಿತ, ಪ್ರವಾಹ, ರಸ್ತೆ ಇಲ್ಲದ ಜಾಗ, ಮಕ್ಕಳಿಗೆ ದಾರಿಯಲ್ಲಿ ಅಪಾಯ ಇರುವ ಕಡೆ ಈ ಮಿತಿಯನ್ನೂ ಕಡಿಮೆ ಮಾಡಿ ಶಾಲೆ ಕೊಡಬೇಕು ಅಂತ ಇದೆ. ಶಾಲೆಯೇ ಇಲ್ಲದ ಸಣ್ಣ ಊರುಗಳಿಗೆ ಉಚಿತ ವಾಹನ ಅಥವಾ ವಸತಿ ಏರ್ಪಾಡು. ಓದಿದರೆ ನಮ್ಮ ಮಲೆನಾಡನ್ನೇ ನೋಡಿ ಬರೆದ ಹಾಗಿದೆ.

ಚಾಕ್‌ಪೀಸ್ ಮೇಡಂ, ನಿಮಗೂ ಒಂದು ಮಾತು. ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಹುದಾದ್ದು ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ.

ಚಾಕ್‌ಪೀಸ್

ಗೊತ್ತು ಸರ್. ಆ ಕಲಂ ತೋರಿಸಿದ ನಮ್ಮ ಸಹೋದ್ಯೋಗಿಗೆ ನೋಟಿಸ್ ಬಂತು. ಮುಂದಿನದು ಬೇಡ.

ಕಡೂರಿನ ತೆಂಗು

ಎಲ್ಲರೂ ವಿಲೀನ ಅಂದರೆ ಗುಮ್ಮ ಅನ್ನೋ ಹಾಗೆ ಮಾತಾಡುತ್ತಿದ್ದೀರಿ. ನಮ್ಮ ಕಡೆ ಕಥೆ ಬೇರೆ. ನಮ್ಮದು ಬಯಲುಸೀಮೆ. ಊರಿಂದ ಊರಿಗೆ ಎರಡು ಕಿಲೋಮೀಟರ್, ಟಾರು ರಸ್ತೆ, ಬಸ್ಸು ಇದೆ. ನಮ್ಮ ಶಾಲೆಯಲ್ಲಿ ಏಳು ಮಕ್ಕಳು ಉಳಿದಾಗ ಪೋಷಕರೇ ಕೂತು ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಿದೆವು. ಯಾರೂ ಒತ್ತಾಯ ಮಾಡಿರಲಿಲ್ಲ. ಈಗ ಅಲ್ಲಿ ಎಪ್ಪತ್ತು ಚಿಲ್ಲರೆ ಮಕ್ಕಳು, ನಾಲ್ಕು ಜನ ಶಿಕ್ಷಕರು. ನನ್ನ ತಮ್ಮನ ಮಗಳು ಅಲ್ಲಿಗೆ ಹೋದ ಮೇಲೆ ಪ್ರತಿಭಾ ಕಾರಂಜಿಯಲ್ಲಿ ತಾಲೂಕು ಮಟ್ಟಕ್ಕೆ ಹೋಗಿ ಬಂದಳು. ಹಳೇ ಶಾಲೆಯಲ್ಲಿದ್ದಿದ್ದರೆ ವೇದಿಕೆ ಹತ್ತುತ್ತಲೇ ಇರಲಿಲ್ಲ. ದೊಡ್ಡ ಹೆಣ್ಣುಮಕ್ಕಳು ಹೈಸ್ಕೂಲಿಗೆ ಶಕ್ತಿ ಯೋಜನೆ ಬಸ್ಸಲ್ಲಿ ದುಡ್ಡಿಲ್ಲದೆ ಹೋಗಿ ಬರುತ್ತಾರೆ.

ಇನ್ನೊಂದು ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಬರೋದೇ ಮಕ್ಕಳ ತಲೆ ಎಣಿಸಿ. ಮೂವತ್ತರ ಒಳಗಿದ್ದರೆ ವರ್ಷಕ್ಕೆ ಹತ್ತು ಸಾವಿರ. ನೂರರ ಒಳಗೆ ಇಪ್ಪತ್ತೈದು ಸಾವಿರ. ನೂರು ದಾಟಿದರೆ ಐವತ್ತು. ಹತ್ತು ಸಾವಿರದಲ್ಲಿ ಸುಣ್ಣ ಬಳಿಯುತ್ತೀರೋ, ಹೆಂಚು ಬದಲಾಯಿಸುತ್ತೀರೋ, ಚಾಕ್‌ಪೀಸ್ ತರುತ್ತೀರೋ? (ಮೇಡಂ, ನಿಮ್ಮನ್ನಲ್ಲ.) ಶಾಲೆ ಸಣ್ಣದಾದಷ್ಟೂ ಬಡವಾಗುತ್ತೆ. ಬಡವಾದಷ್ಟೂ ಜನ ಬಿಟ್ಟು ಹೋಗುತ್ತಾರೆ. ಒಂದು ಕಡೆ ಇದನ್ನ ನಿಲ್ಲಿಸಲೇಬೇಕು.

ವ್ಯಾನ್ ಹತ್ತಿಸುವ ಅಮ್ಮ

ಬಿಟ್ಟು ಹೋದವರ ಪೈಕಿ ನಾನೂ ಒಬ್ಬಳು. ಬೇಲೂರು ಕಡೆಯವಳು. ಬಯ್ಯಬೇಡಿ, ಕಾರಣ ಕೇಳಿ.

ನನ್ನ ಮಗನಿಗೆ ನಾಲ್ಕು ವರ್ಷ ತುಂಬಿದಾಗ ಊರಲ್ಲಿ ಇದ್ದಿದ್ದು ಅಂಗನವಾಡಿ, ಅದು ಬಿಟ್ಟರೆ ಪೇಟೆಯ ಎಲ್‌ಕೆಜಿ. ಸರ್ಕಾರಿ ಶಾಲೆಗೆ ಒಂದನೇ ತರಗತಿಗೆ ಸೇರಿಸಬೇಕಂದ್ರೆ ಆರು ವರ್ಷ ಆಗಬೇಕು. 2025-26ಕ್ಕೆ ಐದು ವರ್ಷ ಐದು ತಿಂಗಳಾದರೂ ಸಾಕು ಅಂತ ಆಮೇಲೆ ಸಡಿಲ ಮಾಡಿದರು, ಅದೂ ಪೋಷಕರೆಲ್ಲ ಗಲಾಟೆ ಮಾಡಿದ ಮೇಲೆ. ಎರಡು ವರ್ಷ ಕಾನ್ವೆಂಟಿನಲ್ಲಿ ಕೂತ ಮಗುವನ್ನು ಆಮೇಲೆ ಯಾರು ವಾಪಸ್ ತಂದು ಊರ ಶಾಲೆಗೆ ಹಾಕುತ್ತಾರೆ? ಆ ವಯಸ್ಸಿನಲ್ಲೇ ಸರ್ಕಾರಿ ಶಾಲೆ ನಮ್ಮನ್ನ ಕಳೆದುಕೊಳ್ಳುತ್ತೆ. ಪಬ್ಲಿಕ್ ಶಾಲೆಯಲ್ಲಿ ಎಲ್‌ಕೆಜಿ ಇಡ್ತಾರೆ ಅಂದರೆ ನನ್ನ ಪ್ರಕಾರ ಅದೊಂದೇ ನಿಜವಾದ ಸುಧಾರಣೆ.

ಫೀಸು, ವ್ಯಾನು, ಪುಸ್ತಕ, ಶೂಸು ಎಲ್ಲ ಸೇರಿದರೆ ಮೆಣಸು ಮಾರಿದ ದುಡ್ಡು ಪೂರ್ತಿ ಅಲ್ಲಿಗೇ. ಖುಷಿಯಿಂದ ಕಟ್ಟುತ್ತಿಲ್ಲ. ಅಲ್ಲಿನ ಟೀಚರ್‌ಗಳಿಗೆ ನಮ್ಮೂರ ಮೇಡಂನಷ್ಟು ಓದೂ ಇಲ್ಲ, ತರಬೇತಿಯೂ ಇಲ್ಲ, ಅದು ನನಗೂ ಗೊತ್ತು. ಆದರೆ ಅಲ್ಲಿ ಒಂದು ಕ್ಲಾಸಿಗೆ ಒಬ್ಬರು ಇದ್ದಾರೆ. ನಮ್ಮೂರ ಮೇಡಂ ಮೀಟಿಂಗಿಗೆ ಹೋದ ದಿನ ಅಡುಗೆಯಮ್ಮನೇ ಶಾಲೆ ನೋಡ್ಕೋಬೇಕು.

ಬೆಂಗಳೂರಲ್ಲಿರೋ ಹಾಸನದವ

ಅಂಗನವಾಡಿ ಕಾರ್ಯಕರ್ತೆಯರು ಈ ಎಲ್‌ಕೆಜಿಗೆ ವಿರೋಧ ಮಾಡಿದ್ದು ಯಾಕೆ ಅಂತ ಯಾರಾದರೂ ಹೇಳುತ್ತೀರಾ?

ವ್ಯಾನ್ ಹತ್ತಿಸುವ ಅಮ್ಮ

ನಾಲ್ಕು ವರ್ಷದ ಮಕ್ಕಳೂ ಶಾಲೆಗೇ ಹೋದರೆ ಅವರ ಕೇಂದ್ರದಲ್ಲಿ ಯಾರು ಉಳೀತಾರೆ ಸರ್? ನಮ್ಮ ಅತ್ತಿಗೆ ಅಂಗನವಾಡಿಯಲ್ಲೇ ಇರೋದು. ಎಲ್‌ಕೆಜಿಯನ್ನ ನಮ್ಮಲ್ಲೇ ಮಾಡಿ, ನಮಗೇ ತರಬೇತಿ ಕೊಡಿ ಅನ್ನೋದು ಅವರ ವಾದ. ನನಗಂತೂ ಸರಿ ಅನಿಸುತ್ತೆ, ಮನೆ ಹತ್ತಿರ ಆಗುತ್ತಲ್ಲ.

ನಿವೃತ್ತ ಮೇಷ್ಟ್ರು

ಮೂವತ್ತು ವರ್ಷಕ್ಕೂ ಮೇಲೆ ಹಾಸನ ಜಿಲ್ಲೆಯಲ್ಲೇ ಕೆಲಸ ಮಾಡಿದವನು ನಾನು. ಈ ಚರ್ಚೆ ಹೊಸದಲ್ಲ. 2011ರ ಹೊತ್ತಿಗೂ ಕಡಿಮೆ ಮಕ್ಕಳ ಶಾಲೆ ಮುಚ್ಚುವ ಮಾತು ಬಂದು ರಾಜ್ಯವೆಲ್ಲ ಗದ್ದಲ ಆಗಿತ್ತು. ಆಗ ವಿಲೀನ ಅನ್ನುತ್ತಿದ್ದರು, ಈಗ ಸುತ್ತಲಿನ ಮಕ್ಕಳನ್ನು ಸೆಳೆಯುವ ಮ್ಯಾಗ್ನೆಟ್ ಶಾಲೆ ಅನ್ನುತ್ತಾರೆ. ಶಾಲೆ ಮುಚ್ಚಲ್ಲ ಅಂತ ಸರ್ಕಾರವೂ ಹೇಳುತ್ತೆ. ಮುಚ್ಚುವ ಆದೇಶ ಯಾರೂ ಹೊರಡಿಸಲ್ಲ ಸ್ವಾಮಿ. ಖಾಲಿಯಾದ ಹುದ್ದೆ ತುಂಬದೆ ಬಿಟ್ಟರೆ ಸಾಕು. ಮೂರು ವರ್ಷದಲ್ಲಿ ಶೂನ್ಯ ದಾಖಲಾತಿ ಅಂತ ತಾನಾಗಿಯೇ ಪಟ್ಟಿಗೆ ಸೇರುತ್ತೆ.

ನಮ್ಮ ಜಿಲ್ಲೆಯ ಒಂದು ಉದಾಹರಣೆ ಹೇಳುತ್ತೇನೆ. 2019ರ ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂತು, 89.33 ಶೇಕಡಾ. ಅದು ನನ್ನಿಂದ, ಇದು ನಿನ್ನಿಂದ ಅಂತ ಆಗ ದೊಡ್ಡವರಲ್ಲೇ ಜಗಳ ಆಯ್ತು. ಪೇಪರ್‌ನಲ್ಲೆಲ್ಲ ಬಂತು, ಜ್ಞಾಪಕ ಇರಬಹುದು. ಒಳಗೆ ನಡೆದದ್ದು ಏನು? ಬೆಳಿಗ್ಗೆ ಒಂದು ಗಂಟೆ ಮುಂಚೆ ಶಾಲೆ, ಸಂಜೆ ಒಂದು ಗಂಟೆ ಜಾಸ್ತಿ. ಹಿಂದೆ ಬಿದ್ದ ಹುಡುಗರನ್ನು ಶಿಕ್ಷಕರಿಗೆ ಹಂಚಿ ದತ್ತು ಕೊಟ್ಟಿದ್ದು, ರಾತ್ರಿ ಮನೆಗೆ ಫೋನ್ ಮಾಡಿ ಓದುತ್ತಿದ್ದಾನಾ ಅಂತ ಕೇಳಿದ್ದು. ಯಾವ ಹೊಸ ಕಟ್ಟಡವೂ ಬಂದಿರಲಿಲ್ಲ. ಇದ್ದ ಶಿಕ್ಷಕರನ್ನು ಶಾಲೆಯಲ್ಲೇ ಇರಲು ಬಿಟ್ಟರು, ಅಷ್ಟೆ. ಜಿಲ್ಲಾ ಕೇಂದ್ರದಿಂದ ದಿನಾ ಮಕ್ಕಳ ಬಗ್ಗೆ ಕೇಳುವವರು ಇದ್ದರು. ಪರೀಕ್ಷೆ ಮುಗಿದ ಮೇಲೆ ಐದನೇ ತರಗತಿ ಮಕ್ಕಳ ಓದಿನ ಬಗ್ಗೆ ಹಾಗೆ ಯಾರೂ ದಿನಾ ಫೋನ್ ಮಾಡಲಿಲ್ಲ. ಹತ್ತನೇ ತರಗತಿಗೆ ಸಿಗುವ ಗಮನದಲ್ಲಿ ಕಾಲುಭಾಗ ಒಂದನೇ ತರಗತಿಗೆ ಸಿಕ್ಕಿದ್ದರೆ ಸಾಕಾಗಿತ್ತು.

ಫಲಿತಾಂಶದ ಅಂಕಿ ನಂಬಿ ಯಾರೂ ಕುಣಿಯಬೇಡಿ. 2023ರಲ್ಲಿ ರಾಜ್ಯದ ಫಲಿತಾಂಶ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಕೊಟ್ಟ ಮೇಲೂ 73.40. ಈಗ ಪಾಸ್ ಅಂಕವನ್ನೇ 33ಕ್ಕೆ ಇಳಿಸಿದ್ದಾರೆ. ಹೀಗೆ ಇಳಿಸುತ್ತಾ ಹೋದರೆ... ಇರಲಿ, ಅದು ಬೇರೆ ಚರ್ಚೆ.

ಕಳಸದ ಹೊಳೆದಡ

ಕಡೂರಿನ ಅಣ್ಣನಿಗೆ ನಮಸ್ಕಾರ. ಒಂದೇ ಜಿಲ್ಲೆ ನಮ್ಮದು, ಆದರೆ ನಿಮ್ಮ ಎರಡು ಕಿಲೋಮೀಟರ್ ಬೇರೆ, ನಮ್ಮ ಎರಡು ಕಿಲೋಮೀಟರ್ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಮ್ಮೆ ಈ ಕಡೆ ಬನ್ನಿ. ಕಾಲುಸಂಕದ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಕೈಹಿಡಿದು ದಾಟಿಸಬೇಕು. ಕೊಡೆ ಗಾಳಿಗೆ ತಿರುಗಿ ನಿಲ್ಲುತ್ತೆ. ಜಿಲ್ಲಾಧಿಕಾರಿಗಳು ಮಲೆನಾಡು ತಾಲೂಕುಗಳಿಗೆ ರಜೆ ಕೊಡುವ ಹೊತ್ತಿಗೆ ಮಕ್ಕಳು ಅರ್ಧ ದಾರಿ ಬಂದಿರುತ್ತಾರೆ. ಆ ರಜೆಗಳನ್ನೆಲ್ಲ ಆಮೇಲೆ ಶನಿವಾರ ಮಧ್ಯಾಹ್ನ ತುಂಬಿಸಬೇಕು.

ಕಾಫಿ ಸರ್ ಕಡೆ ಆನೆ ಬೇರೆ ಇದೆ. ಆಲೂರು, ಸಕಲೇಶಪುರ, ಬೇಲೂರು ಭಾಗದವರಿಗೆ ಹೇಳೋದೇ ಬೇಡ. ಅರಣ್ಯ ಇಲಾಖೆಯಿಂದ "ಇಂಥ ಎಸ್ಟೇಟಿನಲ್ಲಿ ಆನೆಗಳಿವೆ, ಎಚ್ಚರ" ಅಂತ ಮೆಸೇಜ್ ಬಂದ ದಿನ ಯಾವ ತಾಯಿ ಆರು ವರ್ಷದ ಮಗುವನ್ನು ಏಳು ಕಿಲೋಮೀಟರ್ ಕಳಿಸುತ್ತಾಳೆ?

ನಮ್ಮ ಪಕ್ಕದ ಕುದುರೆಮುಖ ಟೌನ್‌ಶಿಪ್ ನೋಡಿದವನು ನಾನು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಜನ ಗುಳೆ ಎದ್ದರು, ಶಾಲೆಗಳು ಖಾಲಿ. ಜನವೇ ಇಲ್ಲ ಅಂದಮೇಲೆ ಶಾಲೆ ಮುಚ್ಚೋದು ಅರ್ಥ ಆಗುತ್ತೆ. ಜನ ಇದ್ದಾರೆ, ಮಕ್ಕಳಿದ್ದಾರೆ, ಆದರೂ ಮುಚ್ಚೋದು ಅರ್ಥ ಆಗಲ್ಲ.

ಕಡೂರಿನ ತೆಂಗು

ಒಪ್ಪಿದೆ ಮಾರಾಯ. ಆನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಬಯಲುಸೀಮೆಗೊಂದು, ಮಲೆನಾಡಿಗೊಂದು ಲೆಕ್ಕ ಇರಲಿ ಅನ್ನಿ. ವಿಲೀನವೇ ಬೇಡ ಅನ್ನಬೇಡಿ.

ವಕೀಲಿ ಬರಹ, ಚಿಕ್ಕಮಗಳೂರು

ಬೇರೆ ರಾಜ್ಯದಲ್ಲೂ ಇದೇ ಜಗಳ. ಉತ್ತರ ಪ್ರದೇಶದಲ್ಲಿ 2025ರ ಜೂನ್‌ನಲ್ಲಿ 50ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗೆ ಜೋಡಿಸುವ ಆದೇಶ ಹೊರಟಿತು. ಅಲಹಾಬಾದ್ ಹೈಕೋರ್ಟ್‌ನ ಏಕಸದಸ್ಯ ಪೀಠ ಪೋಷಕರ ಅರ್ಜಿ ವಜಾ ಮಾಡಿತು. ಆಮೇಲೆ ವಿಭಾಗೀಯ ಪೀಠ ಸೀತಾಪುರ ಜಿಲ್ಲೆಯ ಮಟ್ಟಿಗೆ ಯಥಾಸ್ಥಿತಿ ಕಾಪಾಡಿ ಅಂದಿತು. ಹಾಗಾಗಿ ಕೋರ್ಟಿಗೆ ಹೋದರೆ ಗೆದ್ದೇ ಗೆಲ್ಲುತ್ತೇವೆ ಅನ್ನೋ ಭ್ರಮೆ ಬೇಡ. ನಡಾವಳಿ ಪುಸ್ತಕದಲ್ಲಿ ಏನು ಬರೆದಿದ್ದೀರಿ ಅನ್ನೋದೇ ನಾಳೆ ಮುಖ್ಯ ಆಗೋದು.

ಕಾಡಂಚಿನ ಕಾಫಿ

ಎಲ್ಲರಿಗೂ ಧನ್ಯವಾದ. ಇಷ್ಟು ದಿನ ಉತ್ತರಿಸಲಿಲ್ಲ, ತೋಟದಲ್ಲಿ ಚಿಗುರು ತೆಗೆಸೋ ಕೆಲಸ ಇತ್ತು. ನೀವು ಹೇಳಿದ ಎರಡು ಕೆಲಸ ಮಾಡಿ ಬಂದೆ.

ಮೊದಲು ಹೋಬಳಿ ಕೇಂದ್ರದ ಶಾಲೆ. ಅತಿಥಿ ಸರ್ ಹೇಳಿದ ಹಾಗೆ ಕಟ್ಟಡ ನೋಡದೆ ಹುದ್ದೆ ಕೇಳಿದೆ. ಮುಖ್ಯ ಶಿಕ್ಷಕರು ಒಳ್ಳೆಯವರು, ಮುಚ್ಚಿಡಲಿಲ್ಲ. ಪ್ರೈಮರಿ ವಿಭಾಗದಲ್ಲಿ ಕಾಯಂ ಶಿಕ್ಷಕರು ಮೂವರು, ಅತಿಥಿಗಳು ಮೂವರು. ಇಂಗ್ಲಿಷ್ ವಿಭಾಗದಲ್ಲಿ ಆಗಲೇ ಜಾಗ ಇಲ್ಲ. "ನಿಮ್ಮ ಮಕ್ಕಳು ಬಂದರೆ ಕನ್ನಡ ವಿಭಾಗದಲ್ಲಿ ಕೂರಿಸ್ತೀನಿ, ನಿಮ್ಮ ಮೇಡಂ ಜೊತೆಗೆ ಬಂದರೆ ಮಾತ್ರ ನನಗೂ ಅನುಕೂಲ" ಅಂದರು. ಮೇಡಂ ಬರುತ್ತಾರಾ ಅಂದಿದ್ದಕ್ಕೆ ನಕ್ಕರು. ಅವರು ಹೆಚ್ಚುವರಿ ಪಟ್ಟಿಗೆ ಸೇರಿ ಕೌನ್ಸೆಲಿಂಗ್‌ನಲ್ಲಿ ಎಲ್ಲಿಗೆ ಹೋಗುತ್ತಾರೋ ಯಾರಿಗೂ ಗೊತ್ತಿಲ್ಲ. ವಾಹನದ ಬಗ್ಗೆ ಕೇಳಿದರೆ ಪ್ರಸ್ತಾವನೆ ಹೋಗಿದೆ ಅಂದರು.

ಎರಡನೆಯದು ಲೈನ್ ಮನೆ. ಸಂಜೆ ಹೋಗಿದ್ದೆ. ಅಸ್ಸಾಂನವರ ಪೈಕಿ ಒಬ್ಬ ಹೆಣ್ಣುಮಗಳಿಗೆ ಮಾತ್ರ ಸ್ವಲ್ಪ ಕನ್ನಡ ಬರುತ್ತೆ. ನಾನು ವಿಲೀನ, ನಡಾವಳಿ ಅಂತ ಏನೇನೋ ಹೇಳುತ್ತಿದ್ದೆ. ಅವಳ ಮಗಳು ಎರಡನೇ ತರಗತಿ. ಅವಳೇ ನನ್ನ ಮಾತನ್ನ ಅಮ್ಮನಿಗೆ ಅವರ ಭಾಷೆಯಲ್ಲಿ ಹೇಳಿ, ಅಮ್ಮನ ಮಾತನ್ನ ನನಗೆ ಕನ್ನಡದಲ್ಲಿ ಹೇಳಿದಳು. ಅಮ್ಮ ಕೇಳಿದ್ದು ಮೂರೇ ಪ್ರಶ್ನೆ. ಗಾಡಿ ಎಲ್ಲಿಗೆ ಬರುತ್ತೆ? ಸಂಜೆ ಎಷ್ಟು ಹೊತ್ತಿಗೆ ವಾಪಸ್? ಅಲ್ಲೂ ಊಟ ಮೊಟ್ಟೆ ಕೊಡ್ತಾರಾ? ಮೂರನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಗಾಡಿ ಇಲ್ಲ ಅಂದರೆ ಏನು ಮಾಡ್ತೀರಿ ಅಂದೆ. ದೊಡ್ಡವನನ್ನು ತೋಟಕ್ಕೆ ಕರೆದುಕೊಂಡು ಹೋಗ್ತೀವಿ, ಇವಳು ಚಿಕ್ಕದನ್ನ ನೋಡ್ಕೋತಾಳೆ ಅಂದಳು. ಆ ಮಾತನ್ನೂ ಆ ಹುಡುಗಿಯೇ ನನಗೆ ಹೇಳಿದ್ದು.

ಅದಕ್ಕೇ ಒಪ್ಪಿಗೆ ಅಂತಲೂ ಬರೆಯಲ್ಲ, ವಿರೋಧ ಅಂತಲೂ ಬರೆಯಲ್ಲ ಅಂತ ತೀರ್ಮಾನಿಸಿದ್ದೇನೆ. ಕ್ರಮ ತಿರುಗಿಸಿ ಅಂತ ಬರೆಯುತ್ತೇನೆ. ಈಗ ಅವರು ಹೇಳುತ್ತಿರೋದು: ಮೊದಲು ಸಹಿ ಹಾಕಿ, ಆಮೇಲೆ ಮಕ್ಕಳು ಹೋಗಲಿ, ಆಮೇಲೆ ಶಿಕ್ಷಕರು, ಕೊನೆಗೆ ಗಾಡಿ. ನಾವು ಕೇಳೋದು ಇದರ ಉಲ್ಟಾ. ಮೊದಲು ಗಾಡಿ ಬರಲಿ, ಲೈನ್ ಮನೆ ಗೇಟಿನವರೆಗೆ, ಒಂದು ಮಳೆಗಾಲ ಪೂರ್ತಿ ಓಡಲಿ. ಅಲ್ಲಿ ಖಾಲಿ ಇರುವ ಹುದ್ದೆಗಳಿಗೆ ಕಾಯಂ ಶಿಕ್ಷಕರು ಬರಲಿ. ಅಲ್ಲಿಯವರೆಗೆ ನಮ್ಮ ಶಾಲೆ ಇರಲಿ, ಕಾಯ್ದೆ ಪ್ರಕಾರ ಎರಡನೇ ಶಿಕ್ಷಕರನ್ನು ಕೊಡಿ. ಗಾಡಿ ಸರಿಯಾಗಿ ಓಡಿದರೆ ನಾಲ್ಕು, ಐದನೇ ತರಗತಿ ಮಕ್ಕಳನ್ನು ನಾವೇ ಮೊದಲು ಕಳಿಸುತ್ತೇವೆ. ಚಿಕ್ಕವರು ಇಲ್ಲೇ ನಲಿ-ಕಲಿ ಓದಲಿ.

ಇದಕ್ಕೆ ಊರಿನ ಎರಡೂ ಗುಂಪು ಬೈಯುತ್ತೆ. ಬೈಯಲಿ.

ಬೆಂಗಳೂರಲ್ಲಿರೋ ಹಾಸನದವ

ಅಣ್ಣ, ಇದಕ್ಕೆ ನನ್ನ ತಕರಾರಿಲ್ಲ. ದೊಡ್ಡ ಮಕ್ಕಳನ್ನು ಮೊದಲು ಕಳಿಸೋದು ಒಳ್ಳೇ ದಾರಿ. ಕಬಡ್ಡಿಗೂ ಆಯ್ತು. ಇಲಾಖೆಯ ಗಾಡಿ ಬರೋತನಕ ನಮ್ಮ ಹಳೇ ವಿದ್ಯಾರ್ಥಿಗಳ ಗುಂಪಿನಿಂದ ಜೀಪಿಗೆ ಬಾಡಿಗೆ ಕೊಡಬಹುದಾ?

ಚಾಕ್‌ಪೀಸ್

ದಯವಿಟ್ಟು ಕೊಡಬೇಡಿ ಸರ್. ಒಳ್ಳೇ ಮನಸ್ಸಿಂದಲೇ ಕೇಳುತ್ತಿದ್ದೀರಿ, ಆದರೆ ನೀವು ಕೊಟ್ಟ ದಿನದಿಂದ ಗಾಡಿ ಇದೆ ಅಂತ ಫೈಲ್ ಮುಚ್ಚುತ್ತಾರೆ. ಮುಂದಿನ ವರ್ಷ ನಿಮ್ಮ ದುಡ್ಡು ನಿಂತರೆ ಶಾಲೆಯೂ ಇಲ್ಲ, ಗಾಡಿಯೂ ಇಲ್ಲ. ಕೊಡಲೇಬೇಕು ಅಂದರೆ ಅಡುಗೆಮನೆಗೆ ಒಂದು ಸೋಲಾರ್ ದೀಪ ಕೊಡಿಸಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರಲ್ಲ.

ನಿವೃತ್ತ ಮೇಷ್ಟ್ರು

ಕಾಫಿಯವರೇ, ಚೆನ್ನಾಗಿ ಬರೆದಿದ್ದೀರಿ. "ಒಂದು ಮಳೆಗಾಲ ಪೂರ್ತಿ" ಅನ್ನೋದನ್ನ ಬಿಡಬೇಡಿ. ಫೆಬ್ರವರಿಯಲ್ಲಿ ಗಾಡಿ ಓಡಿಸಿ ಫೋಟೋ ತೆಗೆದು ಕಳಿಸಿಬಿಡುತ್ತಾರೆ.

ವಕೀಲಿ ಬರಹ, ಚಿಕ್ಕಮಗಳೂರು

ಸಭೆಯ ಬಗ್ಗೆ. ಶಿಕ್ಷಣ ಹಕ್ಕು ಕಾಯ್ದೆ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ನಿಮ್ಮ ಸಮಿತಿಯಲ್ಲಿ ಲೈನ್ ಮನೆ ಪೋಷಕರು ಯಾರಾದರೂ ಇದ್ದಾರಾ ನೋಡಿ. ಇಲ್ಲದಿದ್ದರೆ ವಿಶೇಷ ಆಹ್ವಾನ ಅಂತ ಕರೆದು ಹಾಜರಿ ಹಾಕಿಸಿ. ಆ ತಾಯಿ ಕೇಳಿದ ಮೂರು ಪ್ರಶ್ನೆಯನ್ನು ಇದ್ದ ಹಾಗೇ ನಡಾವಳಿಯಲ್ಲಿ ಬರೆಸಿ. ದಾರಿಯ ಅಪಾಯಕ್ಕೆ ಅರಣ್ಯ ಇಲಾಖೆಯ ಆನೆ ಮೆಸೇಜುಗಳ ಸ್ಕ್ರೀನ್‌ಶಾಟ್ ಲಗತ್ತಿಸಿ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಒಂದು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿಗೆ, ಒಂದು ಗ್ರಾಮ ಪಂಚಾಯಿತಿಗೆ. ಎಲ್ಲ ಕಡೆ ಮುದ್ರೆ ಹಾಕಿದ ಸ್ವೀಕೃತಿ ತಗೊಳ್ಳಿ.

ಕಾಡಂಚಿನ ಕಾಫಿ

ಸರಿ ಸರ್. ಸಮಿತಿಯಲ್ಲಿ ಲೈನ್ ಮನೆಯವರು ಒಬ್ಬರೂ ಇಲ್ಲ. ಸಭೆಯನ್ನು ಭಾನುವಾರಕ್ಕೆ ಹಾಕಿದ್ದೇನೆ, ಅವತ್ತು ಅವರಿಗೆ ತೋಟದ ರಜೆ. ಕರಡು ಬರೆದು ನಾಳೆ ಇಲ್ಲೇ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿಕೊಡಿ.

ಅತಿಥಿ ಅಂತ ಹೆಸರು ಮಾತ್ರ

ಕರಡು ಟೈಪ್ ಮಾಡಿಸಬೇಕಿದ್ದರೆ ಕಳಿಸಿ ಸರ್, ಸಂಜೆ ಆರರ ಮೇಲೆ ಜೆರಾಕ್ಸ್ ಅಂಗಡಿಯಲ್ಲೇ ಇರುತ್ತೇನೆ. ನುಡಿ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಡ್ತೀನಿ, ದುಡ್ಡು ಬೇಡ.